ಉಲ್ಟಾ ಅಕ್ಷರ

ಬೀದರದ ಚೌಬಾರಾ ಹಿಂದಿನ ಓಣಿಯಾಗ
ಹಲ್ಲಿನ ಡಾಕ್ಟರು ಲಿಯಾವ್ ಅವರ ಬೋರ್ಡು.
ಬಣ್ಣ ಹಾರಿದ ಒಂದು ದವಡಿ,
ಮೂವತ್ತೆರಡಕ್ಕ ಎರಡು ಕಡಿಮಿ.
ಅದರ ಮ್ಯಾಲಿನ ಮಾಳಿಗಿಯಾಗ ಅವರ ತಾಯಿ,
ಮೊಮ್ಮಕ್ಕಳಿಗೆ ಆಪೊ, ಓಣಿಗೆಲ್ಲ ಚೀನಾ ಆಯಿ.
ಕಲ್ಕತ್ತಾದಿಂದ ಬರುವಾಗ ಟ್ರಂಕಿನಾಗ ತಂದಿದ್ದಳು
ಅಂಗೈಯಷ್ಟು ಕಟ್ಟಿಗಿ ಅಚ್ಚು,
ಹುಣ್ಣಿಮಿ ರೊಟ್ಟಿ ಒತ್ತಲಿಕ್ಕ.

ಆ ವರ್ಷ ಗೆದ್ದಲು ಹತ್ತಿತು.
ಸುತ್ತಿನ ಹೂವಿನಂಚು ಬಿಟ್ಟು
ನಟ್ಟನಡುವಿನ ಅಕ್ಷರವನ್ನಷ್ಟೇ ತಿಂದಿತ್ತು,
ಓದಲಿಕ್ಕ ಬಂದವರಂಗ.

ಆಪೊ ಅಳಲಿಲ್ಲ. ಔಷಧದ ಚೀಟಿ ಹಿಂದ
ಪೆನ್ಸಿಲ್ಲಿನಿಂದ ಅದನ್ನ ಬರೆದು
ಮಕ್ಬೂಲ್ ಮಾಮಾನ ಕೈಗೆ ಕೊಟ್ಟಳು.
ಬಿದ್ರಿ ಹೂಜಿಗೆ ಬೆಳ್ಳಿ ಎಳಿ ಕೂಡಿಸೋ ಕೈ,
ಕಟ್ಟಿಗಿ ಅಂದ್ರ ಬೆಣ್ಣಿ ಬಿಡು ಆಯಿ, ಅಂದ.
ಮೂರು ದಿನ ಕೊರೆದ. ರೊಕ್ಕ ಒಲ್ಲೆ ಅಂದ.
(ಅವನದೊಂದು ದವಡಿಹಲ್ಲು
ಡಾಕ್ಟರ ಉದ್ರಿ ಪುಸ್ತಕದಾಗ ಇನ್ನೂ ಬಾಕಿ ಇತ್ತು.)

ಅವರ ಹುಣ್ಣಿಮಿ ಬಹಳ ವರ್ಷ
ನಮ್ಮ ಸೀಗಿ ಹುಣ್ಣಿಮಿಗಿಂತ ತಿಂಗಳು ಮೊದಲೇ
ಬಂದು, ಉಂಡು, ಹೋಗಿಬಿಡತಿತ್ತು.
ಆ ಸಲ ಯಾರದೋ ಪಂಚಾಂಗದಾಗ
ಒಂದು ತಿಂಗಳು ಹೆಚ್ಚಿಗಿ ಸಿಕ್ಕೊಂಡು
ಎರಡೂ ಒಂದೇ ರಾತ್ರಿಗೆ ಬಿದ್ದವು.

ಅವ್ವ ಹೊಲದಿಂದ ಬಂದಳು, ಸೀರಿಗೆ ಕೆಂಪು ಮಣ್ಣು.
ಬುಟ್ಟಿಯಾಗ ಸಜ್ಜಿರೊಟ್ಟಿ, ಪುಂಡಿಪಲ್ಯ,
ಗುರೆಳ್ಳ ಹಿಂಡಿ, ಬಾಯಿ ಒಡೆದ ನಾಕು ಕರ್ಚಿಕಾಯಿ.
ಮಾಳಿಗಿಯಿಂದ ಆಪೊ ಕರೆದಳು.
ಅಲ್ಲಿ ಮೈದಾ, ಬೆಲ್ಲದ ಪಾಕ,
ಉಪ್ಪಿನ ಗಡಿಗಿಯಾಗ ತಿಂಗಳು ಮಲಗೆದ್ದ ತತ್ತಿ,
ಕುಸುಬಿ ಎಣ್ಣಿ.
ತಾವರಿಬೀಜ ಬೀದರದಾಗ ಎಲ್ಲಿ ತರೋದು?
ತೊಗರಿಬ್ಯಾಳಿ ಕುದಿಸಿ, ಒರಳಿಗೆ ಹಾಕಿ,
ಹೋಳಿಗಿ ಹೂರಣಕ್ಕ ಹೆಸರು ಬದಲಿಸಿದ್ದಳು.

ತತ್ತಿ ಒಲ್ಲೆವು ಅಂತ ಅವ್ವ ಹೇಳಲಿಲ್ಲ.
ಹನ್ನೊಂದು ವರ್ಷದ ಬಾಜೂಮನಿ, ಹೇಳೋದೇನದ.
ನಮ್ಮ ಪಾಲಿನ ತಾಟು ಬ್ಯಾರೇನೆ ಇತ್ತು,
ಒಳಗ ಅರಿಶಿಣ ಕಲಿಸಿದ ಕಡ್ಲಿಬ್ಯಾಳಿ ಉಂಡಿ
ಹಳದಿ ಹಳದಿ, ದುಂಡಗ.
"ಚಾಂದ್ ಮೆ ಚಾಂದ್ ಹೋನಾ," ಅಂದಳು ಆಪೊ,
ಉರ್ದು ಅವಳದಲ್ಲ, ಓಣಿಯದು.

ಹೊಸ ಅಚ್ಚಿಗೆ ಹಿಟ್ಟು ಒತ್ತಿ
ಹಲಗಿಗೆ ಬಡಿದಳು. ಎಡಕ್ಕ ಒಮ್ಮೆ. ಬಲಕ್ಕ ಒಮ್ಮೆ.
ಬೋರಲು ಮಾಡಿ ಇನ್ನೊಮ್ಮೆ.
ಬಿತ್ತು.
ಆಪೊನ ಕೈ ಅಲ್ಲೇ ನಿಂತಿತು.

ಅಕ್ಷರ ಉಲ್ಟಾ ಬಿದ್ದಿತ್ತು.

ಬಾಗಿಲಾಗ ನಿಂತ ಮಕ್ಬೂಲ್ ಮಾಮಾ
ತನ್ನ ಬೆರಳು ತಾನೇ ನೋಡಿಕೊಂಡ.
ಚೀಟಿಯಾಗ ಇದ್ದಂಗೇ ಕೊರೆದಿದ್ದ, ಕೂದಲೆಳಿ ತಪ್ಪಿಲ್ಲ.
ಹುಟ್ಟಾ ಕೊರೆದದ್ದನ್ನೆಲ್ಲ
ಜನ ಕೊರೆದಂಗೇ ನೋಡಿದ್ದರು.
ಒತ್ತೋದು ಅವನ ಕಸಬಿನಾಗ ಇರಲಿಲ್ಲ.

ಆಪೊ ಆ ರೊಟ್ಟಿ ಎತ್ತಿಕೊಂಡು
ಪಾವಟಿಗಿ ಹತ್ತಿ ಮ್ಯಾಳಿಗಿ ಮ್ಯಾಲ ಹೋದಳು, ನಾವೂ ಹಿಂದ.
ಕೋಟೆ ಕಡಿಯಿಂದ ಚಂದ್ರ ಎದ್ದಿತ್ತು.
ಅದರ ಎದುರಿಗೆ ರೊಟ್ಟಿ ಹಿಡಿದು ಅಂದಳು,
ಅಕಿ ಆ ಕಡಿಯಿಂದ ನೋಡ್ತಾಳ.
ಅಕಿಗೆ ಸರಿ ಅದ.
"ಅಕಿ ಅಲ್ಲ ಆಯಿ, ಅವ. ಚಂದ್ರಾಮ,"
ಅವ್ವ ಬಾಯಿತುಂಬ ಹೂರಣ ಇಟಗೊಂಡು.
ಆ ಜಗಳ ಚಹಾ ಮುಗಿಯೋತನ ನಡೀತು.
ಪುಂಡಿಪಲ್ಯ ಹುಳಿ ಅಂತ ಆಪೊ ಒಂದು ಕಣ್ಣು ಮುಚ್ಚಿದಳು,
ಮತ್ತ ಹಾಕಿಸಿಕೊಂಡಳು.
ಮಕ್ಬೂಲ್ ಮಾಮಾ ಮಾತಾಡದ
ರಿಪೇರಿಯಾದ ಹಲ್ಲಿನ ಕಡಿಯಿಂದ ಅಗಿದ.
ಅದೇನು ಅಕ್ಷರ ಅಂತ ಯಾರೂ ಕೇಳಲಿಲ್ಲ.

ಡಾಕ್ಟರು ದವಾಖಾನಿ ಹೈದರಾಬಾದಿಗೆ ಒಯ್ದಾಗ
ಅಚ್ಚು ನಮ್ಮ ಮನ್ಯಾಗ ಉಳೀತು.
ಎಳ್ಳಮಾವಾಸ್ಯಿಗೆ, ಚಂದ್ರ ಇಲ್ಲದ ದಿನ,
ನಾ ಅದರಾಗ ಎಳ್ಳು ಬೆಲ್ಲ ಒತ್ತತೀನಿ.
ಎಷ್ಟು ತೊಳೆದರೂ ಸಂದಿಯಾಗ ಬೆಲ್ಲ ಉಳೀತದ.
ಮುಂಜಾನಿ ನೋಡಿದ್ರ ಇರುವಿ ಸಾಲು,
ಅಡ್ಡಗೆರಿ ಹತ್ತಿ, ಕೊಂಡಿ ಇಳಿದು,
ಮತ್ತ ಮೊದಲಿಂದ,
ಬಿಡದ ಓದಲಾಕತ್ತಿರತಾವ.